ಟಿಮೋರಿನ ಕಾಫಿ ಗುಡ್ಡದಲ್ಲಿ ನಮ್ಮ ಸದಸ್ಯರು: ಇಲ್ಲಿ ಉಳಿದವರ ಪಾಲಿನ ಕೆಲಸ

ನಮ್ಮ ಸಂಘದ ಹಿರಿಯ ಸದಸ್ಯರೂ ನಮಗೆ ಬಹುಕಾಲದ ಸ್ನೇಹಿತರೂ ಆದವರೊಬ್ಬರು 2022ರ ಆಗಸ್ಟ್ ತಿಂಗಳಿಂದ ಪೂರ್ವ ಟಿಮೋರ್ ದೇಶದ ಎರ್ಮೆರಾ ಪ್ರಾಂತದ ಒಂದು ಹಳ್ಳಿಯಲ್ಲಿ ಸ್ವಯಂಸೇವಕರಾಗಿ ದುಡಿಯುತ್ತಿದ್ದಾರೆಂಬ ಸಂಗತಿ ಸದಸ್ಯ ಬಾಂಧವರಲ್ಲಿ ಅನೇಕರಿಗೆ ತಿಳಿದೇ ಇದೆ. ಅವರ ಕೆಲಸವೇನು, ಅದಕ್ಕೆ ನಾವು ಇಲ್ಲಿಂದ ಕೊಡುತ್ತಿರುವ ನೆರವೇನು, ಇದರಿಂದ ಸಂಘಕ್ಕೆ ಏನು ಬಂತು ಎಂದು ಕಳೆದ ಸರ್ವಸದಸ್ಯರ ಸಭೆಯಲ್ಲಿ ಹಲವರು ಕೇಳಿದರು. ಸಭೆಯಲ್ಲಿ ಸಮಯ ಸಾಲದೆ ಹೋದುದರಿಂದ ವಿಷಯವನ್ನು ಈ ಪತ್ರಿಕೆಯ ಮೂಲಕ ತಿಳಿಸುತ್ತಿದ್ದೇವೆ. ತಮ್ಮ ಹೆಸರು ಅಚ್ಚಾಗಕೂಡದೆಂದು ಅವರು ಬರೆದಿರುವ ಕಾರಣ ಇಲ್ಲಿ ಅವರನ್ನು ‘ಸ್ನೇಹಿತರು’ ಎಂದಷ್ಟೇ ಕರೆಯುತ್ತೇವೆ.

ದೇಶದ ಪರಿಚಯ

ಇಂಡೋನೇಷ್ಯದ ದ್ವೀಪಮಾಲೆಯ ಪೂರ್ವ ತುದಿಯಲ್ಲಿ, ಆಸ್ಟ್ರೇಲಿಯಾಕ್ಕೆ ಉತ್ತರಕ್ಕಿರುವ ಟಿಮೋರ್ ದ್ವೀಪದ ಪೂರ್ವಾರ್ಧವೇ ಈ ದೇಶ. ವಿಸ್ತೀರ್ಣ ಸುಮಾರು 15,000 ಚದರ ಕಿಲೋಮೀಟರು. ನಮ್ಮ ಕೊಡಗು, ಚಿಕ್ಕಮಗಳೂರು, ಹಾಸನ ಈ ಮೂರು ಜಿಲ್ಲೆಗಳನ್ನು ಕೂಡಿಸಿದರೆ ಅದಕ್ಕಿಂತ ದೊಡ್ಡದಾಗುತ್ತದೆ. 2022ರ ಜನಗಣತಿಯ ಪ್ರಕಾರ ಜನಸಂಖ್ಯೆ 13 ಲಕ್ಷಕ್ಕೆ ಸ್ವಲ್ಪ ಮೇಲೆ. ಶತಮಾನಗಳ ಕಾಲ ಪೋರ್ಚುಗೀಸರ ಕೈಯಲ್ಲಿದ್ದ ಈ ನಾಡನ್ನು 1975ರ ಡಿಸೆಂಬರಿನಲ್ಲಿ ಇಂಡೋನೇಷ್ಯ ಸೇನೆ ಕಳುಹಿಸಿ ಆಕ್ರಮಿಸಿತು. 1999ರ ಆಗಸ್ಟ್ 30ರಂದು ವಿಶ್ವಸಂಸ್ಥೆಯ ಮೇಲ್ವಿಚಾರಣೆಯಲ್ಲಿ ಜನಮತ ಸಂಗ್ರಹಣೆ ನಡೆದಾಗ ನೂರಕ್ಕೆ 78ಕ್ಕೂ ಹೆಚ್ಚು ಮಂದಿ ಸ್ವಾತಂತ್ರ್ಯದ ಪರವಾಗಿ ಮತವಿತ್ತರು. ಆ ಬೆನ್ನಿಗೇ ನಡೆದ ಸುಲಿಗೆ ಬೆಂಕಿಗಳಲ್ಲಿ ದೇಶದ ಬಹುಪಾಲು ಕಟ್ಟಡಗಳು ನಾಶವಾದವು. 2002ರ ಮೇ 20ರಂದು ಸ್ವತಂತ್ರ ರಾಷ್ಟ್ರವಾಯಿತು.

ಪೆಟ್ರೋಲಿಯಂ ಬಿಟ್ಟರೆ ಆ ದೇಶದ ಮುಖ್ಯ ರಫ್ತು ಕಾಫಿ. ಎರ್ಮೆರಾ ಅಲ್ಲಿಯ ಕಾಫಿಯ ತವರು. ಕಾಫಿಯನ್ನು ನೆಚ್ಚಿರುವವರೆಲ್ಲ ಸಣ್ಣ ಹಿಡುವಳಿದಾರರು. ತೋಟವೆಂದರೆ ಮನೆಯ ಹಿಂದಿನ ಗುಡ್ಡದ ಇಳಿಜಾರು. 1994ರಲ್ಲಿ ಅಮೆರಿಕದ ಸಹಕಾರಿ ಒಕ್ಕೂಟವೊಂದರ ನೆರವಿನಿಂದ ಆರಂಭವಾದ ಕೆಲಸದ ಫಲವಾಗಿ ಬೆಳೆದ ‘ಕೋಆಪರೇಟಿವಾ ಕಫೆ ಟಿಮೋರ್’ ಎಂಬ ಸಹಕಾರ ಸಂಸ್ಥೆ ರೈತರಿಂದ ಹಣ್ಣು ಕೊಂಡು ಪಲ್ಪಿಂಗ್ ಮಾಡಿ ಹೊರದೇಶಗಳಿಗೆ ಮಾರುತ್ತದೆ. ಸಹಕಾರ ಸಂಸ್ಥೆಯೇ ಬೆಳೆಗಾರರ ಕುಟುಂಬಗಳಿಗಾಗಿ ಚಿಕಿತ್ಸಾಲಯಗಳನ್ನು ನಡೆಸಿದ್ದು ನಮ್ಮಂಥವರು ಗಮನಿಸತಕ್ಕ ಸಂಗತಿ.

ನಮಗೂ ಟಿಮೋರಿಗೂ ಇರುವ ಹಳೆಯ ನಂಟು

ಟಿಮೋರ್ ಎಂದರೆ ದೂರದ ದೇಶವೆಂದು ಭಾವಿಸುವ ಸದಸ್ಯರು ತಮ್ಮ ತೋಟದೊಳಗೊಮ್ಮೆ ನೋಡಬೇಕು. 1920ರ ದಶಕದಲ್ಲಿ ಅಲ್ಲಿಯ ಒಂದು ತೋಟದಲ್ಲಿ ಅರೇಬಿಕಾ ಮತ್ತು ರೊಬಸ್ಟಾ ತಾವಾಗಿಯೇ ಸಂಕರಗೊಂಡು ಹುಟ್ಟಿದ ಗಿಡವೊಂದು ಎಲೆ ತುಕ್ಕು ರೋಗಕ್ಕೆ ಬಗ್ಗದೆ ನಿಂತಿತು. ಅದೇ ‘ಹೈಬ್ರಿಡೊ ಡಿ ಟಿಮೋರ್’. ಪೋರ್ಚುಗಲ್ಲಿನ ತುಕ್ಕು ರೋಗ ಸಂಶೋಧನಾ ಕೇಂದ್ರದಲ್ಲಿ ಅದನ್ನು ಕತೂರಾ ತಳಿಯೊಡನೆ ಕೂಡಿಸಿದ್ದರಿಂದ ಕತಿಮೋರ್ ಬಂತು. ನಾವು ‘ಕಾವೇರಿ’ ಎಂದು ನೆಟ್ಟ ಗಿಡ ಇದೇ ವಂಶದ್ದು. 2007ರಲ್ಲಿ ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಹೊರತಂದ ‘ಚಂದ್ರಗಿರಿ’ಯ ಒಂದು ಕಡೆಯ ಹಿರಿಯನೂ ಈ ಟಿಮೋರ್ ಗಿಡವೇ. ಕಾವೇರಿಯ ನಿರೋಧಶಕ್ತಿ ವರ್ಷಗಳು ಕಳೆದಂತೆ ಕುಗ್ಗಿತು, ನಿಜ. ಆದರೂ ನಮ್ಮ ಅರೇಬಿಕಾ ತೋಟಗಳು ಆ ಗುಡ್ಡಗಳಿಗೆ ಋಣಿಯಾಗಿವೆ ಎಂಬುದರಲ್ಲಿ ಸಂದೇಹವಿಲ್ಲ.

ಅಡಿಕೆ ಬೆಳೆಗಾರರಿಗೆ ಇನ್ನೊಂದು ಮಾತು. ಅಲ್ಲಿಯ ಟೆಟುಮ್ ಭಾಷೆಯಲ್ಲಿ ಅಡಿಕೆಗೆ ‘ಬುವಾ’ ಎಂದೂ ವೀಳ್ಯದೆಲೆಗೆ ‘ಮಾಲುಸ್’ ಎಂದೂ ಹೆಸರು. ಮನೆಗೆ ಬಂದವರ ಮುಂದೆ ಬುವಾ ಮಾಲುಸ್ ಇಡದಿದ್ದರೆ ಮರ್ಯಾದೆಯಲ್ಲ. ಮೊದಲ ದಿನ ಭಾಷೆ ಬಾರದೆ ಕುಳಿತಿದ್ದ ನಮ್ಮ ಸ್ನೇಹಿತರು ತಟ್ಟೆ ಮುಂದೆ ಬಂದೊಡನೆ ಎಲೆಯ ತೊಟ್ಟು ಮುರಿದು ನರ ತೆಗೆದು ಸುಣ್ಣ ಸವರಿದ್ದನ್ನು ಕಂಡು ಊರಿನ ಹಿರಿಯರು ನಕ್ಕು ಹತ್ತಿರ ಸರಿದು ಕುಳಿತರಂತೆ.

ಕಡಿಯುವುದೋ ಬಿಡುವುದೋ

ಸ್ನೇಹಿತರ ಕೆಲಸ ಹೇಳುವುದಕ್ಕೆ ಸುಲಭ. ಹಳೆಯ ಕಾಫಿ ಗಿಡಗಳನ್ನು ಬುಡದ ಹತ್ತಿರ ಕಡಿದು, ಬಂದ ಚಿಗುರುಗಳಲ್ಲಿ ಒಳ್ಳೆಯದನ್ನು ಉಳಿಸಿ, ಹೊಸ ಗಿಡ ಮಾಡುವುದು. ಯುದ್ಧದ ಕಾಲದಲ್ಲಿ ಒಂದು ಇಡೀ ತಲೆಮಾರು ತೋಟದ ಕಡೆ ಗಮನ ಕೊಡಲಾಗದೆ ಹೋದುದರಿಂದ ಅಲ್ಲಿ ಕಸಿ ಎಂಬುದೇ ಮರೆತುಹೋಗಿದೆ. ಗಿಡಗಳು ಮರದಂತೆ ಬೆಳೆದು, ಹಣ್ಣೆಲ್ಲ ತುದಿಯಲ್ಲಿ, ಕೊಂಬೆ ಬಗ್ಗಿಸಿ ಕೊಯ್ಯಬೇಕು. ಸಾಲದೆಂಬಂತೆ ‘ಸಮ್ತುಕು’ ಎಂಬ ನೆರಳು ಮರಕ್ಕೆ ಗಂಟು ಕಟ್ಟುವ ತುಕ್ಕು ರೋಗ ಬಂದು ಎಷ್ಟೋ ಕಡೆ ನೆರಳೇ ಇಲ್ಲವಾಗಿದೆ.

ಹೇಳುವುದಕ್ಕೆ ಸುಲಭವಾದರೂ ಮಾಡುವುದು ಕಷ್ಟ. ಬುಡಕ್ಕೆ ಕಡಿದ ಗಿಡ ಎರಡು ವರ್ಷ ಲೆಕ್ಕಕ್ಕೆ ಸಿಗುವ ಫಸಲು ಕೊಡುವುದಿಲ್ಲ ಎಂಬುದು ನಮಗೆಲ್ಲ ಗೊತ್ತು. ಕಾಂಡಕೊರಕ ಹತ್ತಿದ ಅರೇಬಿಕಾ ಗಿಡವನ್ನು ಕೀಳುವಾಗಲೇ ನಮ್ಮ ಕೈ ಹಿಂದೆಗೆಯುತ್ತದೆ. ನಮಗೆ ಅಡಿಕೆಯಿದೆ, ಮೆಣಸಿದೆ, ಸಂಘದ ಸಾಲವಿದೆ. ಅಲ್ಲಿಯ ಮನೆಗೆ ವರ್ಷದ ನಗದು ಹಣವೆಂದರೆ ಆ ನಾಲ್ಕು ಚೀಲ ಹಣ್ಣು ಮಾತ್ರ. ಮಳೆಗಾಲ ಹಿಡಿದು ಮುಸುಕಿನ ಜೋಳ ಕೈಗೆ ಬರುವ ತನಕದ ತಿಂಗಳುಗಳಲ್ಲಿ ಅಲ್ಲಿ ಅನೇಕ ಮನೆಗಳಲ್ಲಿ ಊಟ ಕಡಿಮೆಯಾಗುತ್ತದೆ. ಆ ತಿಂಗಳುಗಳ ಅಕ್ಕಿಯನ್ನು ಕಾಫಿಯ ದುಡ್ಡಿನಿಂದಲೇ ಕೊಳ್ಳಬೇಕು. ಹೀಗಿರುವಾಗ ಎಲ್ಲಿಂದಲೋ ಬಂದವನೊಬ್ಬ ಗರಗಸ ಹಿಡಿದು ‘ಕಡಿಯಿರಿ’ ಎಂದರೆ ಯಾರು ಕಡಿದಾರು?

ಸ್ನೇಹಿತರು ಮೊದಲ ಎರಡು ತಿಂಗಳು ಗರಗಸ ಮುಟ್ಟಲಿಲ್ಲ. ಭಾಷೆ ಕಲಿತರು, ಯಾವ ಮನೆಯಲ್ಲಿ ಎಷ್ಟು ಸಾಲು ಗಿಡವಿದೆ ಎಂದು ನಡೆದು ಎಣಿಸಿದರು. ಆಮೇಲೆ 2022ರ ಅಕ್ಟೋಬರಿನಲ್ಲಿ, ಕೊಯ್ಲು ಮುಗಿದು ಮಳೆ ಹಿಡಿಯುವುದಕ್ಕೆ ಮೊದಲು, ಒಪ್ಪಿದ ಮೂರು ಮನೆಗಳವರ ತೋಟದಲ್ಲಿ ಮೂರರಲ್ಲಿ ಒಂದು ಪಾಲನ್ನು ಮಾತ್ರ ಕಡಿಸಿದರು. ಬಯಲಾದ ಜಾಗದಲ್ಲಿ ಜೋಳ, ಹುರುಳಿಕಾಯಿ ಹಾಕಿಸಿದರು. ಕಡಿಯದ ಎರಡು ಪಾಲು ಮನೆಯ ಖರ್ಚಿಗೆ ಉಳಿಯಿತು.

ಅವಧಿಯ ಲೆಕ್ಕ

ಇಲ್ಲಿಯೇ ನಿಜವಾದ ತೊಡಕು ಬಂದದ್ದು. ಅವರನ್ನು ಕಳುಹಿಸಿದ ಸಂಸ್ಥೆಯ ಕರಾರು ಎರಡು ವರ್ಷದ್ದು. 2024ರ ಆಗಸ್ಟಿಗೆ ಮುಗಿಯುತ್ತಿತ್ತು. 2022ರ ಅಕ್ಟೋಬರಿನಲ್ಲಿ ಕಡಿದ ಗಿಡ ಸರಿಯಾಗಿ ಹೂ ಬಿಡುವುದು 2024ರ ಕೊನೆಗೆ, ಹಣ್ಣು ಕೈಗೆ ಸಿಗುವುದು 2025ರ ಮಧ್ಯಭಾಗದಲ್ಲಿ. ಅಂದರೆ ಕಡಿಸಿದವರು ಫಸಲಿಗೆ ಒಂದು ವರ್ಷ ಮೊದಲೇ ಊರು ಬಿಡಬೇಕು. ಆ ಮಧ್ಯೆ ಒಂದು ಕೆಟ್ಟ ಮಳೆಯೋ ಒಂದು ರೋಗವೋ ಬಂದರೆ ಆ ಊರಿನಲ್ಲಿ ಇನ್ನು ಇಪ್ಪತ್ತು ವರ್ಷ ಯಾರೂ ಕಾಫಿ ಗಿಡಕ್ಕೆ ಗರಗಸ ಇಡುವುದಿಲ್ಲ. ಸಂಸ್ಥೆಯವರು ಇರಲು ಮನೆ ಕೊಡುವುದಾಗಿಯೂ ಭತ್ಯೆ ಕೊಡಲಾಗದೆಂದೂ ತಿಳಿಸಿದರು.

ಇತ್ತ ಇಲ್ಲಿಯ ಪರಿಸ್ಥಿತಿಯೂ ಸುಲಭವಾಗಿರಲಿಲ್ಲ. ಸ್ನೇಹಿತರದು ಏಳು ಎಕರೆ ಕಾಫಿ, ನಾಲ್ಕು ಎಕರೆ ಅಡಿಕೆ. ಮಗ ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾನೆ. ಮನೆಯಲ್ಲಿ 83 ವರ್ಷದ ತಾಯಿ, ಜೊತೆಗೆ ಕೆಲಸದ ಹೆಂಗಸೊಬ್ಬಳು. 2024ರಲ್ಲಿ ರೊಬಸ್ಟಾ ಬೆಲೆ ನಾವ್ಯಾರೂ ಕಂಡರಿಯದ ಮಟ್ಟಕ್ಕೆ ಏರಿತ್ತು. ಆಳುಗಳು ಸಿಗುತ್ತಿರಲಿಲ್ಲ. ಇಂಥ ವರ್ಷದಲ್ಲಿ ತೋಟದ ಯಜಮಾನ ಊರಲ್ಲಿಲ್ಲದಿರುವುದು ಹುಚ್ಚುತನವೆಂದು ಹೇಳಿದವರು ಇದ್ದರು. ನಾವು ಅವರ ತಾಯಿಯವರನ್ನೇ ಹೋಗಿ ಕೇಳಿದೆವು. ಆಕೆ ಅಡಿಕೆ ಸುಲಿಯುತ್ತ ಕುಳಿತಿದ್ದರು. ‘ಕಡಿದ ಗಿಡ ಕಾಯಿ ಕಚ್ಚದಿದ್ದರೆ ಕಡಿದವನ ಕೈಯನ್ನು ಬೈತಾರೆ. ಇದ್ದು ತೋರಿಸಿ ಬರಲಿ’ ಎಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, ‘ಫೋನು ಮಾತ್ರ ದಿನಾ ಮಾಡಲಿ’ ಎಂದು ಸೇರಿಸಿದರು.

ಸಭೆಯಲ್ಲಿ ಎದ್ದ ಪ್ರಶ್ನೆ

ಈ ವಿಷಯ ಆಡಳಿತ ಮಂಡಳಿಯ ಮುಂದೆ ಬಂದಾಗ ಹಿರಿಯ ಸದಸ್ಯರೊಬ್ಬರು ನೇರವಾಗಿ ಕೇಳಿದರು: ‘ನಮ್ಮ ಹೋಬಳಿಯ ಹಾಡಿಗಳಲ್ಲಿ ಮಾಡುವ ಕೆಲಸ ಬೇಕಾದಷ್ಟು ಇರುವಾಗ ಸಮುದ್ರ ದಾಟಿ ಹೋಗುವ ಅಗತ್ಯವೇನು?’ ಇದು ತಳ್ಳಿಹಾಕುವ ಪ್ರಶ್ನೆಯಲ್ಲ. ಊರಿನ ಕೆಲಸ ಬಿಟ್ಟು ಪರದೇಶದ ಕೆಲಸ ಮಾಡಬೇಕೆಂದು ನಾವು ಯಾರಿಗೂ ಹೇಳುವುದಿಲ್ಲ. ಆದರೆ ಹಳ್ಳಿಗೆ ಹೊರಗಿನವರು ಬಂದು ಕೆಲಸ ಕಲಿಸುವ ಪದ್ಧತಿ ನಮಗೆ ಹೊಸದೇನೂ ಅಲ್ಲ. ಬ್ರಿಟನ್ನಿನ ವಿ.ಎಸ್.ಓ. ಸಂಸ್ಥೆ 1958ರಲ್ಲೂ ಅಮೆರಿಕದ ಪೀಸ್ ಕೋರ್ 1961ರಲ್ಲೂ ಆರಂಭವಾದವು. 1961ರಿಂದ 1976ರ ತನಕ ಪೀಸ್ ಕೋರ್ ತರುಣ ತರುಣಿಯರು ಭಾರತಕ್ಕೆ ಬಂದು, ಅಂದಿನ ಮೈಸೂರು ರಾಜ್ಯದ ಹಳ್ಳಿಗಳಲ್ಲಿಯೂ ಕೋಳಿ ಸಾಕಣೆ, ಬೇಸಾಯದ ಕೆಲಸ ಮಾಡಿದ್ದರು. ವಿಶ್ವಸಂಸ್ಥೆಯ ಸ್ವಯಂಸೇವಕ ಕಾರ್ಯಕ್ರಮಕ್ಕೆ 1970ರ ಡಿಸೆಂಬರಿನಲ್ಲಿ ಮಹಾಸಭೆ ಒಪ್ಪಿಗೆ ನೀಡಿತು. 1999ರಲ್ಲಿ ಟಿಮೋರಿನ ಮತದಾನ ನಡೆಸಲು ಹೋದವರಲ್ಲಿ ಅದರ ನೂರಾರು ಮಂದಿಯಿದ್ದರು. ಅಂದು ಬೇರೆಯವರಿಂದ ಪಡೆದ ನಾವು ಇಂದು ಒಬ್ಬರನ್ನು ಕಳುಹಿಸುವ ಸ್ಥಿತಿಗೆ ಬಂದಿದ್ದೇವೆ. ಕಾಫಿಯ ಕಸಿಯನ್ನು ಕಾಫಿ ಬೆಳೆಗಾರನೇ ಕಲಿಸಬೇಕಲ್ಲವೆ?

ಹಣದ ಬಗ್ಗೆ ನಿರ್ಣಯ ಸ್ಪಷ್ಟವಾಯಿತು. ಸಂಘದ ನಿಧಿ ಉಪವಿಧಿಗಳಲ್ಲಿ ಹೇಳಿದ ಉದ್ದೇಶಗಳಿಗಲ್ಲದೆ ಖರ್ಚಾಗಕೂಡದು. ಆದ್ದರಿಂದ ಸಂಘದ ಒಂದು ಪೈಸೆಯೂ ಇದಕ್ಕೆ ಹೋಗಿಲ್ಲ. ಮನಸ್ಸಿದ್ದವರು ಸ್ವಂತ ನೆಲೆಯಲ್ಲಿ ಸೇರಿದೆವು. ಸ್ನೇಹಿತರು ತಮ್ಮ ಊಟದ ಖರ್ಚಿಗೆ ಯಾರಿಂದಲೂ ಹಣ ಬೇಡವೆಂದರು. ತೋಟದ ಆದಾಯವೇ ಸಾಕು, ತೋಟ ನೋಡಿಕೊಂಡರೆ ಆಯಿತು ಎಂದರು. ಅವರು ಕೇಳಿದ್ದು ಒಂದೇ: ತಾಯಿಗೆ ಏನಾದರೂ ಆದರೆ ತಕ್ಷಣ ಹೊರಟುಬರಲು ವಿಮಾನದ ಹಣ ಸಿದ್ಧವಿರಬೇಕು. ಹದಿನಾಲ್ಕು ಮಂದಿ ಸೇರಿ ಆ ಮೊತ್ತವನ್ನು ಬೇರೆ ಖಾತೆಯಲ್ಲಿಟ್ಟೆವು.

ಇಲ್ಲಿ ಮಾಡಿಕೊಂಡ ವ್ಯವಸ್ಥೆ

ಮುಂದೆ ಇಂಥ ಸಂದರ್ಭ ಬೇರೆ ಸದಸ್ಯರಿಗೂ ಒದಗಬಹುದಾದ್ದರಿಂದ ವಿವರವಾಗಿ ಬರೆಯುತ್ತೇವೆ.

ಮೊದಲನೆಯದಾಗಿ, ಕೆಲಸ ಹಂಚಿಕೊಂಡೆವು. ಮರಗಸಿ, ಚಿಗುರು ತೆಗೆಯುವುದು ಒಬ್ಬರಿಗೆ. ಅಡಿಕೆಗೆ ಬೋರ್ಡೋ ಸಿಂಪಡಿಸುವುದು ಇನ್ನೊಬ್ಬರಿಗೆ. ಕೊಯ್ಲು ಮತ್ತು ಕಣ ಮತ್ತೊಬ್ಬರಿಗೆ. ಆಳುಗಳ ಬಟವಾಡೆ ಹಾಗೂ ಲೆಕ್ಕ ನಮಗೆ. ಎಲ್ಲರೂ ಎಲ್ಲವನ್ನೂ ನೋಡಿಕೊಳ್ಳುತ್ತೇವೆಂದರೆ ಯಾರೂ ಯಾವುದನ್ನೂ ನೋಡಿಕೊಳ್ಳುವುದಿಲ್ಲ.

ಎರಡನೆಯದಾಗಿ, ಅಧಿಕಾರ ಬರಹದಲ್ಲಿರಬೇಕು. ಹೊರಡುವ ಮೊದಲೇ ಅವರು ವಕೀಲರ ಮೂಲಕ ಅಧಿಕಾರಪತ್ರ ಮಾಡಿಸಿಕೊಟ್ಟಿದ್ದರು. ದಿನದ ಖರ್ಚು ನಮ್ಮ ಕೈಯಲ್ಲಿ; ಮರ ಕಡಿಯುವುದು, ಫಸಲು ಮಾರುವ ದಿನ ಗೊತ್ತುಮಾಡುವುದು, ಈ ಎರಡನ್ನು ಅವರ ಮಾತಿಲ್ಲದೆ ಮಾಡಕೂಡದು. ಬೆಲೆ ಏರಿಳಿಯುತ್ತಿದ್ದ ವರ್ಷದಲ್ಲಿ ಈ ಕರಾರು ಸ್ನೇಹವನ್ನು ಉಳಿಸಿತು ಎಂದರೆ ತಪ್ಪಲ್ಲ.

ಮೂರನೆಯದಾಗಿ, ನಷ್ಟವನ್ನು ಮುಚ್ಚಿಡಬಾರದು. 2024ರ ಜುಲೈನಲ್ಲಿ ಬಿಡುವಿಲ್ಲದೆ ಸುರಿದ ಮಳೆಯಲ್ಲಿ ಎರಡನೆಯ ಸಿಂಪರಣೆಗೆ ದಿನವೇ ಸಿಗದೆ ಕೊಳೆರೋಗ ಬಂದು ಕೆಳಗಿನ ತೋಟದ ಗೊನೆಗಳು ಉದುರಿದವು. ಅಂದು ಸಂಜೆಯೇ ಫೋನಿನಲ್ಲಿ ತಿಳಿಸಿದೆವು. ಅವರ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಮುಂದೆ. ನಮ್ಮ ಸಂಜೆ ಐದು ಅವರಿಗೆ ರಾತ್ರಿ ಎಂಟೂವರೆ. ‘ನಿಮ್ಮ ತೋಟದಲ್ಲಿ ಎಷ್ಟು ಹೋಯಿತು?’ ಎಂದು ಅವರು ಮೊದಲು ಕೇಳಿದರು.

ನಾಲ್ಕನೆಯದು, ಮನೆ. ವಾರಕ್ಕೆರಡು ದಿನ ಯಾರಾದರೂ ಒಬ್ಬರು ತಾಯಿಯವರ ಬಳಿ ಅರ್ಧ ಗಂಟೆ ಕುಳಿತು ಬರುವುದೆಂದು ಗೊತ್ತುಮಾಡಿದೆವು. 2025ರ ಜನವರಿಯಲ್ಲಿ, ನಮ್ಮ ಕೊಯ್ಲಿನ ಭರದಲ್ಲಿ, ಆಕೆ ಬಚ್ಚಲಿನಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ವಿಮಾನದ ಹಣ ಆಗ ಉಪಯೋಗಕ್ಕೆ ಬಂತು. ದಿಲಿಯಿಂದ ಬಾಲಿಯ ಮೂಲಕ ಹೊರಟು ಸ್ನೇಹಿತರು ಮೂರನೆಯ ದಿನ ಆಸ್ಪತ್ರೆಯಲ್ಲಿದ್ದರು. ಅಲ್ಲಿಯ ಕೊಯ್ಲು ಸುಮಾರು ಮೇ ತಿಂಗಳಿಂದ ಸೆಪ್ಟೆಂಬರ್ ತನಕ, ನಮ್ಮದು ನವೆಂಬರಿನಿಂದ ಮಾರ್ಚಿನ ತನಕ. ಈ ಅಂತರದಿಂದಾಗಿ ಅವರಿಗೆ ಐದು ವಾರ ಇರಲು ಸಾಧ್ಯವಾಯಿತು. ಹಿಂದಿರುಗುವ ಬಗ್ಗೆ ಅವರು ಎರಡು ದಿನ ಮಾತೇ ಆಡಲಿಲ್ಲ. ನಾವೂ ಹೋಗಿರೆಂದು ಹೇಳಲಿಲ್ಲ. ಅದು ನಾವು ಹೇಳುವ ಮಾತಲ್ಲ. ತಾಯಿಯವರು ಊರುಗೋಲು ಹಿಡಿದು ಜಗಲಿಯ ತನಕ ನಡೆದ ದಿನ ಮಗ ಬೆಂಗಳೂರಿನಿಂದ ಬಂದು, ಇನ್ನು ಆರು ತಿಂಗಳು ಮನೆಯಿಂದಲೇ ಕೆಲಸ ಮಾಡುವೆನೆಂದ. ಆಮೇಲೆ ಅವರು ಟಿಕೇಟು ತೆಗೆಸಿದರು.

ಕಳಿಸಬೇಕಾದ್ದು, ಕಳಿಸಬಾರದ್ದು

ಸದಸ್ಯರಲ್ಲಿ ಕೆಲವರು ಪ್ರೀತಿಯಿಂದ ಕಾಫಿ ಬೀಜ, ಮೆಣಸಿನ ಬಳ್ಳಿ, ಅಡಿಕೆ ಗೋಟು ಕಳುಹಿಸಲು ಮುಂದೆ ಬಂದರು. ಖಂಡಿತ ಕೂಡದು. ಸಸ್ಯ ಸಂಪರ್ಕ ನಿಷೇಧದ ಕಾನೂನು ಎಲ್ಲ ದೇಶಗಳಲ್ಲೂ ಇದೆ. ಸರ್ಟಿಫಿಕೇಟು, ಅನುಮತಿ ಇಲ್ಲದೆ ಬೀಜವಾಗಲಿ ಮಣ್ಣಾಗಲಿ ಗಡಿ ದಾಟಬಾರದು. 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಮೊದಲು ಕಂಡ ಕಾಫಿ ಕಾಯಿಕೊರಕ ಹುಳು ಆಮೇಲೆ ನಮ್ಮ ತೋಟಗಳಿಗೆಲ್ಲ ಹಬ್ಬಿದ್ದನ್ನು ನೆನೆದರೆ ಇದರ ಅರ್ಥ ತಿಳಿಯುತ್ತದೆ. ಸ್ನೇಹಿತರು ಬಂದಾಗಲೂ ತೋಟದ ಬೂಟನ್ನು ಅಲ್ಲಿಯೇ ಬಿಟ್ಟು ಬಂದಿದ್ದರು.

ಕಸಿ ಗರಗಸ, ಕತ್ತರಿ, ಅರಗಳನ್ನು ಕಳುಹಿಸಿದೆವು. ಮೊದಲ ಪಾರ್ಸೆಲು ಸುಂಕದ ಕಟ್ಟೆಯೊಂದರಲ್ಲಿ ಏಳು ವಾರ ಬಿದ್ದಿತ್ತು. ಆಮೇಲೆ ಅವರು ಜನವರಿಯಲ್ಲಿ ಬಂದಾಗ ಸಾಮಾನಿನ ಜೊತೆ ಕೈಯಲ್ಲೇ ಒಯ್ದರು. ಹಳೆ ಬಟ್ಟೆ ಬೇಡವೆಂದು ಬರೆದರು. ಅದಕ್ಕಿಂತ ಉಪಯೋಗವಾದದ್ದು ನಮ್ಮ ತೋಟಗಳ ಚಿತ್ರಗಳು: ಕಡಿದ ಬುಡ, ಆರು ತಿಂಗಳ ಚಿಗುರು, ಒಂದು ವರ್ಷದ್ದು, ಎರಡು ವರ್ಷದ್ದು, ಫಸಲು ತುಂಬಿದ್ದು. ಒಂದೇ ಗಿಡದ ಐದು ಚಿತ್ರಗಳನ್ನು ಸಾಲಾಗಿ ಅಂಟಿಸಿ ಊರಿನ ಸಭೆಯ ಜಾಗದಲ್ಲಿ ತೂಗುಹಾಕಿದರು. ಮಾತಿಗಿಂತ ಅದನ್ನು ಜನ ನಂಬಿದರು.

ಫಲ

2025ರ ಜೂನ್ ತಿಂಗಳಲ್ಲಿ ಆ ಮೂರು ಮನೆಗಳ ಗಿಡಗಳು ನೆಲದ ಮೇಲೆ ನಿಂತು ಕೈಗೆ ಎಟಕುವ ಎತ್ತರದಲ್ಲಿ ಹಣ್ಣು ಕೊಟ್ಟವು. ಒಂದು ಮನೆಯಲ್ಲಿ ಹಣ್ಣು ಚೆನ್ನಾಗಿ ಬಂತು, ಇನ್ನೊಂದರಲ್ಲಿ ಸಾಧಾರಣ; ಮೂರನೆಯದು ನೆರಳಿಲ್ಲದ ಇಳಿಜಾರು, ಅಲ್ಲಿ ಅರ್ಧದಷ್ಟು ಬುಡಗಳು ಒಣಗಿಹೋಗಿದ್ದವು. ಇದನ್ನು ಅವರು ಮರೆಮಾಚದೆ ಬರೆದಿದ್ದಾರೆ. ನೆರಳು ಹಿಡಿಸದೆ ಕಡಿಯಬಾರದೆಂಬ ಪಾಠ ಅದರಿಂದ ಊರಿಗೇ ಆಯಿತು. ಆ ಮನೆಗೆ ಉಳಿದವರು ಸೇರಿ ನೆರಳಿನ ಸಸಿ ನೆಟ್ಟುಕೊಟ್ಟರಂತೆ. ಅಕ್ಟೋಬರಿನಲ್ಲಿ ಬೇರೆ ಮನೆಗಳವರು ತಾವಾಗಿಯೇ ಗರಗಸ ಕೇಳಿಕೊಂಡು ಬಂದರು. ಈಗ ಕಡಿಯುವ ಕೆಲಸವನ್ನು ಊರಿನ ಇಬ್ಬರು ತರುಣರೇ ಮಾಡುತ್ತಿದ್ದಾರೆ. ಸ್ನೇಹಿತರು ಹಿಂದೆ ನಿಂತು ನೋಡುತ್ತಾರೆ. ಈ ವರ್ಷದ ಕೊಯ್ಲು ಮುಗಿದೊಡನೆ ಬರುವುದಾಗಿ ತಿಳಿಸಿದ್ದಾರೆ.

ಸಂಘಕ್ಕೆ ಬಂದದ್ದೇನು? ಒಂದನ್ನು ಹೇಳುತ್ತೇವೆ. ಅಲ್ಲಿ ‘ತಾರಾ ಬಂದು’ ಎಂಬ ಕಟ್ಟಳೆಯಿದೆ. ಇಂಥ ಕಾಡಿನಲ್ಲಿ ಇಷ್ಟು ಕಾಲ ಮರ ಕಡಿಯಬಾರದು, ಇಂಥ ನೀರಿನ ಸೆಲೆ ಮುಟ್ಟಬಾರದು ಎಂದು ಊರಿನ ಹಿರಿಯರೂ ಆಡಳಿತದವರೂ ಸೇರಿ ಶಾಸ್ತ್ರೋಕ್ತವಾಗಿ ಸಾರುತ್ತಾರೆ, ಮೀರಿದವರಿಗೆ ದಂಡ. ಇಂಡೋನೇಷ್ಯದ ಆಳ್ವಿಕೆಯಲ್ಲಿ ಕುಗ್ಗಿದ್ದ ಈ ಪದ್ಧತಿಯನ್ನು ಸ್ವಾತಂತ್ರ್ಯದ ಬಳಿಕ ಜನ ಮತ್ತೆ ಎತ್ತಿಕೊಂಡಿದ್ದಾರೆ. ಈ ಪತ್ರ ಓದಿದ ಮೇಲೆ ನಮ್ಮ ಕೆಳಗಿನ ಹಳ್ಳದ ದಂಡೆಯ ದೇವರಕಾಡಿನ ಅಂಚು ಪ್ರತಿ ವರ್ಷ ಒಂದೊಂದು ಗಜ ಕರಗುತ್ತಿರುವ ವಿಚಾರ ಮಂಡಳಿಯಲ್ಲಿ ಮೊದಲ ಬಾರಿಗೆ ಚರ್ಚೆಗೆ ಬಂತು. ಹಾಡಿಗಳ ಬಗ್ಗೆ ಪ್ರಶ್ನೆ ಎತ್ತಿದ್ದ ಅದೇ ಹಿರಿಯ ಸದಸ್ಯರು ಗಡಿ ಅಳೆಸುವ ಸಮಿತಿಗೆ ಅಧ್ಯಕ್ಷರಾಗಲು ಒಪ್ಪಿದ್ದಾರೆ.

ಸ್ನೇಹಿತರು ಮರಳುವ ತನಕ ಅವರ ತೋಟದ ಮುಂಗಾರಿನ ಕೆಲಸಗಳು ಉಳಿದಿವೆ. ಬೋರ್ಡೋ ಸಿಂಪರಣೆಯ ಮೊದಲ ಸುತ್ತಿಗೆ ಎರಡು ದಿನ ಕೊಡಬಲ್ಲವರು, ಮತ್ತು ತಾಯಿಯವರ ಬಳಿ ವಾರದಲ್ಲೊಂದು ಸಂಜೆ ಕೂರಬಲ್ಲವರು, ಸಂಘದ ಕಚೇರಿಯಲ್ಲಿಟ್ಟಿರುವ ಪುಸ್ತಕದಲ್ಲಿ ಹೆಸರು ಬರೆಯಬೇಕಾಗಿ ಕೋರುತ್ತೇವೆ. ಈ ಬಾರಿ ಮಳೆ ಬೇಗ ಹಿಡಿಯುವಂತಿದೆ. ಆದ್ದರಿಂದ ಸಿಂಪರಣೆಗೆ ಬರುವವರು ತಿಂಗಳ ಕೊನೆಯೊಳಗೆ ತಿಳಿಸಿದರೆ ಅನುಕೂಲ.